ಬಂದ ಇಬ್ಬರಲ್ಲಿ ಕೊಲ್ಲಲು ಬಂದವನು ಯಾರು? ‘ಟರ್ಮಿನೇಟರ್’ ಸರಣಿಯ ಆರು ಆರಂಭಗಳು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ‘ಟರ್ಮಿನೇಟರ್’ ಸರಣಿಯ ಆರು ಸಿನಿಮಾಗಳ ಆರಂಭವನ್ನು ಮಾತ್ರ ನೋಡೋಣ. 1984, 1991, 2003, 2009, 2015, 2019: ಮೂವತ್ತೈದು ವರ್ಷ, ಐವರು ನಿರ್ದೇಶಕರು. ಮೊದಲ ಎರಡು ಜೇಮ್ಸ್ ಕ್ಯಾಮರೂನ್ ಅವರವು. ಆಮೇಲಿನವು ಕ್ರಮವಾಗಿ ಜೊನಾಥನ್ ಮಾಸ್ಟೊ, ಮ್ಯಾಕ್‌ಜಿ, ಅಲನ್ ಟೇಲರ್, ಟಿಮ್ ಮಿಲ್ಲರ್ ಅವರವು. ಕಥೆಯ ಬೀಜ ಆರರಲ್ಲೂ ಒಂದೇ: ಯಂತ್ರಗಳು ಮನುಷ್ಯರ ಮೇಲೆ ಯುದ್ಧ ಸಾರಿವೆ, ಆ ಯುದ್ಧದ ಫಲಿತಾಂಶವನ್ನು ಬದಲಿಸುವ ಪ್ರಯತ್ನ ನಡೆಯುತ್ತಿದೆ. ಹಾಗಾಗಿ ಇವುಗಳ ಆರಂಭಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚಿತ್ರಕಥೆ ಬರೆಯುವವರಿಗೆ ಬಹಳ ಉಪಯೋಗವಿದೆ. ಸಾಮಗ್ರಿ ಒಂದೇ ಆಗಿರುವಾಗ ಕಟ್ಟಿದ ರೀತಿಯ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಮೊದಲು ಒಂದು ನಿಯಮ ನೆನಪಿಟ್ಟುಕೊಳ್ಳಿ. ಮೊದಲ ಸಿನಿಮಾದ ಪ್ರಕಾರ, ಕಾಲಯಂತ್ರದಲ್ಲಿ ಜೀವಂತ ಮಾಂಸವಲ್ಲದೆ ಬೇರೇನೂ ದಾಟಿ ಬರುವುದಿಲ್ಲ. ಒಳಗೆ ಲೋಹವಿದ್ದರೂ ಮೇಲೆ ಚರ್ಮ ಇರಲೇಬೇಕು. ಹಾಗಾಗಿ ಬರುವವರು ಬೆತ್ತಲೆಯಾಗಿ, ಬರಿಗೈಯಲ್ಲಿ ಬರುತ್ತಾರೆ. ಬಂದ ಕೂಡಲೇ ಅವರಿಗೆ ಮೂರು ವಸ್ತು ಬೇಕು: ಬಟ್ಟೆ, ಆಯುಧ, ವಿಳಾಸ. ಸರಣಿಯ ಆಗಮನ ದೃಶ್ಯಗಳೆಲ್ಲ ನಿಂತಿರುವುದು ಈ ಮೂರರ ಮೇಲೆ. ಪಾತ್ರ ಇವನ್ನು ಯಾರಿಂದ, ಹೇಗೆ ಪಡೆಯುತ್ತದೆ ಎಂಬುದರಲ್ಲೇ ಅದರ ಪರಿಚಯ ಮುಗಿಯುತ್ತದೆ, ಸಂಭಾಷಣೆಯ ಅಗತ್ಯವೇ ಬೀಳುವುದಿಲ್ಲ. ಇದರ ಜೊತೆಗೆ ಕ್ಯಾಮರೂನ್ ಪ್ರೇಕ್ಷಕರ ಮುಂದೆ ಒಂದು ಪ್ರಶ್ನೆ ಇಡುತ್ತಾರೆ: ಬಂದವರು ಇಬ್ಬರು, ಇವರಲ್ಲಿ ಕೊಲ್ಲಲು ಬಂದವನು ಯಾರು, ಕಾಯಲು ಬಂದವನು ಯಾರು? ಈ ಪ್ರಶ್ನೆಯನ್ನು ಎಷ್ಟು ಹೊತ್ತು ಜೀವಂತ ಇಟ್ಟಿದ್ದಾರೆ ಎಂಬುದೇ ಇವತ್ತು ನಾವು ಬಳಸುವ ಅಳತೆಗೋಲು.

1984ರ ‘ದಿ ಟರ್ಮಿನೇಟರ್’ ಸುಮಾರು 64 ಲಕ್ಷ ಡಾಲರ್‌ನಲ್ಲಿ ತಯಾರಾದ ಸಿನಿಮಾ. ಹಾಲಿವುಡ್ ಲೆಕ್ಕದಲ್ಲಿ ಅದು ಸಣ್ಣ ಮೊತ್ತ. ತೆರೆ ತೆಗೆದಾಗ 2029ರ ಲಾಸ್ ಏಂಜಲೀಸ್, ಕತ್ತಲು, ಹೊಗೆ. ತಲೆಬುರುಡೆಗಳನ್ನು ಪುಡಿಮಾಡುತ್ತ ಒಂದು ದೈತ್ಯ ಟ್ಯಾಂಕ್ ಉರುಳುತ್ತದೆ, ಆಕಾಶದಲ್ಲಿ ಹಾರುವ ಯಂತ್ರ ಬೆಳಕು ಚೆಲ್ಲಿ ಹುಡುಕುತ್ತದೆ. ಇದೆಲ್ಲ ಬಹಳ ಹೊತ್ತು ಇರುವುದಿಲ್ಲ. ಪರದೆಯ ಮೇಲೆ ಕೆಲವೇ ಸಾಲು ಬರಹ ಬರುತ್ತದೆ: ಯಂತ್ರಗಳು ದಶಕಗಳಿಂದ ಮನುಷ್ಯರನ್ನು ಅಳಿಸುತ್ತಿವೆ, ಆದರೆ ಕೊನೆಯ ಕದನ ನಡೆಯುವುದು ಭವಿಷ್ಯದಲ್ಲಲ್ಲ, ನಮ್ಮ ವರ್ತಮಾನದಲ್ಲಿ, ಇವತ್ತು ರಾತ್ರಿ. ಅಷ್ಟೇ. ಮನುಷ್ಯರ ಮುಂದಾಳು ಜಾನ್ ಕಾನರ್‌ನ ಹೆಸರಿಲ್ಲ, ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆ ಸ್ಕೈನೆಟ್‌ನ ಹೆಸರಿಲ್ಲ. ಯಾರು ಯಾರನ್ನು ಕಳಿಸಿದರು ಎಂಬುದೂ ಇಲ್ಲ. ಆ ಬರಹದ ಕೆಲಸ ಒಂದೇ, ಪ್ರೇಕ್ಷಕನ ಗಡಿಯಾರವನ್ನು ಆ ರಾತ್ರಿಗೆ ಹೊಂದಿಸುವುದು.

ಈ ಭವಿಷ್ಯದ ಶಾಟ್‌ಗಳನ್ನು ಪುಟ್ಟ ಮಾದರಿಗಳಲ್ಲಿ ಚಿತ್ರಿಸಿದವರು ಜೀನ್ ವಾರೆನ್ ಜೂನಿಯರ್ ಅವರ ಫ್ಯಾಂಟಸಿ 2 ಸಂಸ್ಥೆಯವರು. ಮಿನಿಯೇಚರ್ ಕೆಲಸದ ಸಾಮಾನ್ಯ ಲೆಕ್ಕ ಇಲ್ಲಿ ಹೇಳಬೇಕು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಕ್ಯಾಮೆರಾ ವೇಗ ಹೆಚ್ಚಿಸಬೇಕು. ಒಂಬತ್ತನೇ ಒಂದು ಅಳತೆಯ ಮಾದರಿಯಾದರೆ ಸೆಕೆಂಡಿಗೆ 24ರ ಬದಲು 72 ಫ್ರೇಮ್, ಹದಿನಾರನೇ ಒಂದಾದರೆ 96. ಕಾರಣ ಗುರುತ್ವ. ಬೀಳುವ ವಸ್ತು ತೆಗೆದುಕೊಳ್ಳುವ ಸಮಯ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಮಾಮೂಲಿ ವೇಗದಲ್ಲಿ ಚಿತ್ರಿಸಿದರೆ ಮಾದರಿಯ ಚೂರುಗಳು ಪಟಪಟನೆ ಬಿದ್ದು ಆಟಿಕೆ ಎಂದು ಗೊತ್ತಾಗಿಬಿಡುತ್ತದೆ. ಹೊಗೆಯೂ ಬರೀ ವಾತಾವರಣಕ್ಕಲ್ಲ. ಹತ್ತಡಿ ಆಳದ ಸೆಟ್‌ನಲ್ಲಿ ದೂರದ ವಸ್ತು ಮಸುಕಾಗುವುದಿಲ್ಲ, ಹೊಗೆ ತುಂಬಿದರೆ ಮಸುಕಾಗುತ್ತದೆ, ಕಣ್ಣು ಅದನ್ನೇ ದೂರ ಎಂದು ಓದುತ್ತದೆ. ಸಿನಿಮಾದ ಬಹುಪಾಲು ರಾತ್ರಿಯಲ್ಲಿ ನಡೆಯುವುದರಿಂದ ಕಥೆಗೆ ಆದ ಲಾಭ ಒಂದು ಕಡೆ, ಸೆಟ್‌ನ ಅಂಚುಗಳು ಕಾಣದ ಲಾಭ ಇನ್ನೊಂದು ಕಡೆ.

ಆಮೇಲೆ ಟೈಟಲ್. ಪರದೆಗಿಂತ ದೊಡ್ಡ ಅಕ್ಷರಗಳು ಒಂದರ ಮೇಲೊಂದು ಎದುರುಬದುರಾಗಿ ಸರಿಯುತ್ತವೆ, ಕೊನೆಗೆ ಹೆಸರು ಕೂಡಿಕೊಳ್ಳುತ್ತದೆ. ಬ್ರಾಡ್ ಫೀಡೆಲ್ ಅವರ ಸಂಗೀತದ ತಾಳ ಎಣಿಸಲು ನೋಡಿ, ತಪ್ಪುತ್ತೀರಿ. ಒಂದು ಆವರ್ತದಲ್ಲಿ 13 ಸಣ್ಣ ಮಾತ್ರೆಗಳಿವೆ. ಸಿಂಥಸೈಜರ್‌ನಲ್ಲಿ ಲೂಪ್ ಮಾಡುವಾಗ ಆವರ್ತ ಚೂರು ಮೊದಲೇ ಮುಚ್ಚಿಕೊಂಡಿತು, ಕೇಳಲು ಚೆನ್ನಾಗಿದೆ ಎಂದು ಫೀಡೆಲ್ ಹಾಗೇ ಬಿಟ್ಟರು. ಆ ಲೋಹದ ಬಡಿತಕ್ಕೆ ಬಳಸಿದ್ದು ಅಡುಗೆಮನೆಯ ಬಾಣಲೆ. 16 ಮಾತ್ರೆ ಬರುತ್ತದೆಂದು ಕಾಯುವ ಕಿವಿಗೆ ಪ್ರತಿ ಸಲವೂ ಮೂರು ಮಾತ್ರೆ ಮೊದಲೇ ಪೆಟ್ಟು ಬೀಳುತ್ತದೆ. ಬೆನ್ನಟ್ಟುವ ಯಂತ್ರದ ಸಿನಿಮಾಕ್ಕೆ ಇದಕ್ಕಿಂತ ಒಪ್ಪುವ ತಾಳ ನನಗಂತೂ ತೋಚುವುದಿಲ್ಲ.

ಈಗ ಆಗಮನ. ಪರದೆಯ ಮೇಲೆ 1984, ಬೆಳಗಿನ ಜಾವ 1:52. ಕಸದ ಲಾರಿಯೊಂದು ಕೆಲಸ ಮಾಡುತ್ತಿದೆ, ಎಂಜಿನ್ ನಿಲ್ಲುತ್ತದೆ, ಮಿಂಚು ಹರಿಯುತ್ತದೆ, ಚಾಲಕ ಓಡುತ್ತಾನೆ. ಮಂಡಿಯೂರಿದ್ದ ಟರ್ಮಿನೇಟರ್ (ಮನುಷ್ಯರೂಪದ ಕೊಲೆಗಾರ ಯಂತ್ರ) ಪಾತ್ರದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಎದ್ದು ಗ್ರಿಫಿತ್ ವೀಕ್ಷಣಾಲಯದ ಅಂಚಿಗೆ ನಡೆದು ಕೆಳಗಿನ ಊರಿನ ದೀಪಗಳನ್ನು ನೋಡುತ್ತಾನೆ. ಮೂವರು ಪೋಲಿ ಹುಡುಗರು ಗೇಲಿ ಮಾಡುತ್ತಾರೆ. ಅವನು ಅವರ ಮಾತನ್ನೇ ತಿರುಗಿ ಹೇಳುತ್ತಾನೆ, ಆಮೇಲೆ ಬಟ್ಟೆ ಕೇಳುತ್ತಾನೆ. ಚಾಕು ಚುಚ್ಚಿದವನ ಎದೆಯೊಳಗೆ ಕೈ ಹೋಗುತ್ತದೆ. ಉಳಿದವನು ತಾನೇ ಅಂಗಿ ಬಿಚ್ಚತೊಡಗುತ್ತಾನೆ. ಅಲ್ಲಿಗೆ ಕಟ್.

ಎರಡನೆಯವನು, ಕಾಯಲ್ ರೀಸ್, ಬರುವುದು ಓಣಿಯೊಂದಕ್ಕೆ. ಅವನು ಎತ್ತರದಿಂದ ನೆಲಕ್ಕೆ ಬೀಳುತ್ತಾನೆ, ನರಳುತ್ತಾನೆ. ಕುಡುಕನೊಬ್ಬನ ಪ್ಯಾಂಟ್ ಕಸಿಯುತ್ತಾನೆ. ಪೊಲೀಸರು ಅಟ್ಟಿಸಿಕೊಂಡು ಬಂದಾಗ ಒಬ್ಬನನ್ನು ಹಿಡಿದು ತಾರೀಖು ಕೇಳುತ್ತಾನೆ, ವರ್ಷ ಕೇಳುತ್ತಾನೆ. ವರ್ಷ ಕೇಳುವವನು ಎಲ್ಲಿಂದ ಬಂದಿರಬೇಕೆಂದು ಪ್ರೇಕ್ಷಕನೇ ಊಹಿಸಿಕೊಳ್ಳುತ್ತಾನೆ. (ಪೊಲೀಸ್ ಹೇಳುವುದು ಮೇ 12, ಗುರುವಾರ ಎಂದು. 1984ರ ಮೇ 12 ಕ್ಯಾಲೆಂಡರ್‌ನಲ್ಲಿ ಶನಿವಾರ.) ಮುಚ್ಚಿದ ಬಟ್ಟೆ ಅಂಗಡಿಯಲ್ಲಿ ಕೋಟು, ಶೂ. ಪೊಲೀಸ್ ಕಾರಿನಿಂದ ಶಾಟ್‌ಗನ್. ಫೋನ್ ಬೂತಿನ ಡೈರೆಕ್ಟರಿಯಲ್ಲಿ ಸಾರಾ ಕಾನರ್ (ಮುಂದೆ ಜಾನ್‌ನ ತಾಯಿಯಾಗುವವಳು) ಎಂಬ ಹೆಸರಿನ ಹಾಳೆ.

ಇಬ್ಬರೂ ಕಳ್ಳರೇ, ಇಬ್ಬರೂ ಹುಡುಕುತ್ತಿರುವುದು ಅದೇ ಹೆಸರನ್ನೇ, ಅದೂ ಡೈರೆಕ್ಟರಿಯಿಂದಲೇ. ಒಬ್ಬ ಕ್ರೂರಿ ಎಂದು ಗೊತ್ತಾಗಿದೆ. ಆದರೆ ಇನ್ನೊಬ್ಬ ಒಳ್ಳೆಯವನು ಎಂದು ಯಾರೂ ಹೇಳಿಲ್ಲ. ಕೋಟಿನೊಳಗೆ ಬಂದೂಕು ಅಡಗಿಸಿಕೊಂಡು ಸಾರಾಳ ಹಿಂದೆ ಅಲೆಯುವ ರೀಸ್‌ನನ್ನು ಕಂಡರೆ ಅವಳಿಗೂ ಭಯ, ನಮಗೂ ಭಯ. ಟೆಕ್ ನ್ವಾರ್ ಕ್ಲಬ್ಬಿನಲ್ಲಿ ಅವನ ಗುಂಡು ಟರ್ಮಿನೇಟರ್‌ಗೆ ತಗುಲುವವರೆಗೆ, ಅಂದರೆ ಅರ್ಧ ಗಂಟೆ ದಾಟುವವರೆಗೆ, ಈ ಭಯ ಉಳಿಯುತ್ತದೆ. ವ್ಯತ್ಯಾಸದ ಸುಳಿವು ಮಾತ್ರ ಆರಂಭದಲ್ಲೇ ಇದೆ. ಬಂದ ಕೂಡಲೇ ಒಬ್ಬನಿಗೆ ನೋವಾಗುತ್ತದೆ, ಇನ್ನೊಬ್ಬನಿಗೆ ಆಗುವುದಿಲ್ಲ. ರೀಸ್‌ನ ಬೆನ್ನ ಮೇಲಿನ ಹಳೆಯ ಗಾಯದ ಕಲೆಗಳನ್ನು ಕ್ಯಾಮೆರಾ ತೋರಿಸಿ ಸುಮ್ಮನಾಗುತ್ತದೆ.

1991ರ ಎರಡನೇ ಸಿನಿಮಾದ ಬಜೆಟ್ ಸುಮಾರು 10 ಕೋಟಿ ಡಾಲರ್. ಹಣ ಹೆಚ್ಚಾಗಿದೆ, ಯುದ್ಧದ ದೃಶ್ಯವೂ ದೊಡ್ಡದಾಗಿದೆ. ಆದರೆ ನನ್ನ ಮಟ್ಟಿಗೆ ಈ ಆರಂಭದ ಹೆಚ್ಚುಗಾರಿಕೆ ಇರುವುದು ಅದು ಮೊದಲ ಸಿನಿಮಾ ನೋಡಿದವರ ನೆನಪನ್ನೇ ಅವರ ವಿರುದ್ಧ ಬಳಸುವುದರಲ್ಲಿ. ಸರಣಿಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಮೊದಲು ಹಗಲಿನ ಟ್ರಾಫಿಕ್, ಉಯ್ಯಾಲೆಯಲ್ಲಿ ಆಡುವ ಮಕ್ಕಳು. ಪರದೆ ಬೆಳ್ಳಗಾಗುತ್ತದೆ, ಅದೇ ಜಾಗ 2029ರಲ್ಲಿ. ಸಾರಾಳ ದನಿ ಹೇಳುತ್ತದೆ: 1997ರ ಆಗಸ್ಟ್ 29ರಂದು ಮುನ್ನೂರು ಕೋಟಿ ಜನ ಸತ್ತರು. ಲೋಹದ ಪಾದ ಬುರುಡೆಯನ್ನು ಮೆಟ್ಟುತ್ತದೆ. ಕ್ಯಾಮೆರಾ ಮೇಲೆ ಹೋಗಿ ಬಂದೂಕು ಹಿಡಿದ ಅಸ್ಥಿಪಂಜರವನ್ನು ತೋರಿಸುತ್ತದೆ. ಯುದ್ಧ, ಆಮೇಲೆ ಮುಖದಲ್ಲಿ ಗಾಯದ ಗೆರೆಯಿರುವ ಜಾನ್ ಕಾನರ್. ಸಾರಾ ಮುಂದುವರಿಸುತ್ತಾಳೆ: ಮೊದಲ ಯಂತ್ರ 1984ರಲ್ಲಿ ತನ್ನನ್ನು ಕೊಲ್ಲಲು ಬಂದು ಸೋತಿತು, ಎರಡನೆಯದು ಬಾಲಕ ಜಾನ್‌ನನ್ನು ಕೊಲ್ಲಲು ಹೊರಟಿದೆ, ಮನುಷ್ಯರ ಕಡೆಯಿಂದ ಕಾಯುವವನೊಬ್ಬನೂ ಬಂದಿದ್ದಾನೆ, ಇಬ್ಬರಲ್ಲಿ ಯಾರು ಮೊದಲು ತಲುಪುತ್ತಾರೆ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಒಂದು ಪದವೂ ಸುಳ್ಳಲ್ಲ. ಆದರೆ ಕಾಯುವವನ ಚಹರೆ ಹೇಳಿಲ್ಲ. ನಿರೂಪಣೆ ಬಳಸುವುದಾದರೆ ಹೀಗೆ ಬಳಸಬೇಕು: ಹಿನ್ನೆಲೆ ಪೂರ್ತಿ ಕೊಡಬೇಕು, ಮುಂದಾಗುವುದನ್ನು ಬಚ್ಚಿಡಬೇಕು.

ಇನ್ನು ಬಟ್ಟೆ, ಆಯುಧ, ವಿಳಾಸ. ಆರ್ನಾಲ್ಡ್ ಬರುವುದು ಹೆದ್ದಾರಿ ಬದಿಯ ಲಾರಿ ನಿಲ್ದಾಣಕ್ಕೆ. ಅವನು ಮಂಡಿಯೂರಿದ ಗೋಲದ ಗಾತ್ರಕ್ಕೆ ಪಕ್ಕದ ಲಾರಿಯ ಮೈ ದುಂಡಗೆ ಕರಗಿದೆ. ಬಾರಿಗೆ ಹೋಗಿ ಬೈಕರ್ ಒಬ್ಬನಿಂದ ಬಟ್ಟೆ, ಬೂಟು, ಬೈಕು ಕೇಳುತ್ತಾನೆ. ಎದೆಯ ಮೇಲೆ ಸಿಗಾರ್ ಒತ್ತಿದವನನ್ನು ಅಡುಗೆ ಒಲೆಯ ಮೇಲೆ ಎಸೆಯುತ್ತಾನೆ. ಜಗಳ ಜೋರಾಗಿದೆ, ಮೂಳೆ ಮುರಿಯುತ್ತದೆ, ಚರ್ಮ ಸುಡುತ್ತದೆ. ಸಾಯುವವರು ಯಾರೂ ಇಲ್ಲ. ಏಳು ವರ್ಷದ ಹಿಂದೆ ಇದೇ ಸನ್ನಿವೇಶದಲ್ಲಿ ಎದೆಗೆ ಕೈ ಹಾಕಿದ್ದವನು ಈಗ ಕೊಲ್ಲುತ್ತಿಲ್ಲ. ಮೊದಲ ಸಲ ನೋಡುವಾಗ ಇದು ಗಮನಕ್ಕೇ ಬರುವುದಿಲ್ಲ, ಏಕೆಂದರೆ ಕಣ್ಣು ಹಳೆಯ ಟರ್ಮಿನೇಟರ್‌ನನ್ನೇ ಕಾಣುತ್ತಿರುತ್ತದೆ. ಹೊರಗೆ ಬಂದಾಗ ಕ್ಯಾಮೆರಾ ಬೂಟಿನಿಂದ ಮೇಲಕ್ಕೆ ಏರುತ್ತದೆ, ಹಾಡು ಶುರುವಾಗುತ್ತದೆ. ನಮ್ಮ ಸಿನಿಮಾಗಳಲ್ಲಿ ಹೀರೋ ಎಂಟ್ರಿ ನೋಡಿ ಬೆಳೆದವರಿಗೆ ಈ ಶಾಟ್ ಏನು ಹೇಳುತ್ತಿದೆ ಎಂಬುದು ತಕ್ಷಣ ಗೊತ್ತಾಗಬೇಕು. ಬಾರಿನ ಮಾಲೀಕ ಶಾಟ್‌ಗನ್ ಹಿಡಿದು ಬಂದಾಗ ಟರ್ಮಿನೇಟರ್ ಅದನ್ನು ಕಸಿಯುತ್ತಾನೆ, ಅವನ ಜೇಬಿಗೆ ಕೈ ಹಾಕುತ್ತಾನೆ, ತೆಗೆಯುವುದು ಕಪ್ಪು ಕನ್ನಡಕ. ಬೆದರಿಕೆಯನ್ನು ತುದಿಯವರೆಗೆ ಒಯ್ದು ಅಲ್ಲಿಂದ ನಗುವಿಗೆ ಇಳಿಸುವ ಈ ಕ್ಷಣವೇ ಮೊದಲ ಗಟ್ಟಿ ಸುಳಿವು.

ಇನ್ನೊಬ್ಬನ, ಅಂದರೆ ಟಿ-1000 ಎಂಬ ಯಂತ್ರದ ಪಾತ್ರದಲ್ಲಿ ರಾಬರ್ಟ್ ಪ್ಯಾಟ್ರಿಕ್. ಮೈಕಟ್ಟು ರೀಸ್‌ನಂತೆ ತೆಳ್ಳಗೆ. ಮೊದಲ ಸಿನಿಮಾದ ಜೋಡಿಯನ್ನು ನೆನಪಿಟ್ಟುಕೊಂಡವರು ಇವನನ್ನು ಕಾಯುವವನ ಸ್ಥಾನದಲ್ಲಿ ತಾವೇ ಕೂರಿಸಿಬಿಡುತ್ತಾರೆ. ತಂತಿಬೇಲಿಯಲ್ಲಿ ಬಿದ್ದ ದುಂಡನೆಯ ತೂತನ್ನು ನೋಡಲು ಇಳಿದ ಪೊಲೀಸನಿಗೆ ಹಿಂದಿನಿಂದ ಒಂದು ಹೊಡೆತ. ಹೊಡೆತ ಕಾಣುತ್ತದೆ, ಅಲಗು ಕಾಣುವುದಿಲ್ಲ. ಸತ್ತನೋ ಮೂರ್ಛೆ ಹೋದನೋ ತಿಳಿಯುವುದಿಲ್ಲ. ಸಮವಸ್ತ್ರ, ಪಿಸ್ತೂಲು, ಕಾರಿನ ಕಂಪ್ಯೂಟರ್‌ನಿಂದ ವಿಳಾಸ: ಮೂರೂ ಒಬ್ಬನಿಂದಲೇ, ಒಂದೇ ಜಾಗದಲ್ಲಿ. ಈ ಯಂತ್ರ ಎಷ್ಟು ಮಿತವ್ಯಯಿ, ಎಷ್ಟು ಅಪಾಯಕಾರಿ ಎಂಬುದು ಅಷ್ಟರಲ್ಲೇ ಇದೆ. ಆಮೇಲೆ ಅವನು ಜಾನ್‌ನ ಸಾಕುತಂದೆತಾಯಿಯ ಹತ್ತಿರ ಎಷ್ಟು ಸಭ್ಯವಾಗಿ ಫೋಟೊ ಕೇಳಿ ಪಡೆಯುತ್ತಾನೆ, ನೋಡಿ. ಶಾಪಿಂಗ್ ಮಾಲಿನ ಓಣಿಯಲ್ಲಿ ಇಬ್ಬರೂ ಎದುರಾಗುವವರೆಗೆ ಪ್ರಶ್ನೆ ಬದುಕಿರುತ್ತದೆ.

ಬದುಕಿರಬೇಕಿತ್ತು ಎನ್ನುವುದು ಸರಿ. ಬಿಡುಗಡೆಗೆ ಮುಂಚಿನ ಟ್ರೇಲರ್‌ಗಳು ಆರ್ನಾಲ್ಡ್ ಈ ಸಲ ಒಳ್ಳೆಯವನು ಎಂದು ಹೇಳಿಬಿಟ್ಟವು. ಅರ್ಧ ಗಂಟೆಯ ಎಚ್ಚರಿಕೆಯ ಹೆಣಿಗೆ ಬಹುಪಾಲು ಪ್ರೇಕ್ಷಕರಿಗೆ ದಕ್ಕಲೇ ಇಲ್ಲ. ಈ ಸಿನಿಮಾ ನೋಡದ ಮಕ್ಕಳು ಮನೆಯಲ್ಲಿದ್ದರೆ ಏನೂ ಹೇಳದೆ 1984ರದ್ದನ್ನು ತೋರಿಸಿ, ಆಮೇಲೆ ಇದನ್ನು ತೋರಿಸಿ. ಕ್ಯಾಮರೂನ್ ಬಯಸಿದ ಕ್ರಮದಲ್ಲಿ ನೋಡುವ ಭಾಗ್ಯ ಅವರಿಗಾದರೂ ಸಿಗಲಿ.

ಉಯ್ಯಾಲೆಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಟೈಟಲ್‌ಗಳು ಬರುವುದು ಹೊತ್ತಿ ಉರಿಯುವ ಅದೇ ಆಟದ ಮೈದಾನದ ಮೇಲೆ. ಸಿನಿಮಾದ ನಡುವೆ ಸಾರಾ ಕನಸು ಕಾಣುತ್ತಾಳೆ, ಬೇಲಿಯಾಚೆ ನಿಂತು ಮಕ್ಕಳಿಗೆ ಕೂಗುತ್ತಾಳೆ, ಅಣುಬಾಂಬಿನ ಬೆಳಕು ಎಲ್ಲವನ್ನೂ ಸುಡುತ್ತದೆ. ಆ ಕನಸಿನ ಜಾಗ ನಮಗೆ ಮೊದಲೇ ಪರಿಚಿತ. ಬಿಳಿ ಬೆಳಕು ಬಂದ ಕೂಡಲೇ ಏನಾಗುತ್ತದೆ ಎಂಬುದು ಸಾರಾಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಆರಂಭದಲ್ಲಿ ಬಿತ್ತಿ ನಡುವೆ ಕೊಯ್ಯುವ ಕೆಲಸ ಇದು.

2003ರ ಮೂರನೆಯದನ್ನು ಬೇಗ ಮುಗಿಸೋಣ. ದಾಖಲೆಗೇ ಸಿಗದಂತೆ ಬದುಕುತ್ತಿರುವ ಜಾನ್‌ನ ನಿರೂಪಣೆಯಿಂದ ಶುರು. ಇದರಲ್ಲಿ ಒಳ್ಳೆಯ ಯೋಚನೆಯೊಂದಿದೆ: ವಿಳಾಸವೇ ಇಲ್ಲದವನನ್ನು ಯಂತ್ರ ಹುಡುಕುವುದು ಹೇಗೆ? ಹಾಗಾಗಿ ಟಿ-ಎಕ್ಸ್ ಎಂಬ ಹೊಸ ಕೊಲೆಗಾರ ಯಂತ್ರ ಅವನ ಮುಂದಿನ ಸಹಚರರ ಪಟ್ಟಿ ಹಿಡಿದು ಕೊಲ್ಲುತ್ತ ಹೋಗುತ್ತದೆ. ಆದರೆ ಅದೇ ಕಾರಣಕ್ಕೆ ವಿಲನ್ ಯಾರೆಂಬುದು ಮೊದಲ ನಿಮಿಷಗಳಲ್ಲೇ ಬಯಲಾಗುತ್ತದೆ, ಪ್ರಶ್ನೆ ಸಾಯುತ್ತದೆ. ಉಳಿದ ಆಗಮನ ಬರೀ ವಿಧಿಯಾಗುತ್ತದೆ. ಆರ್ನಾಲ್ಡ್ ಬಾರಿಗೆ ಹೋಗುತ್ತಾನೆ, ಅಲ್ಲಿ ಮಹಿಳೆಯರಿಗಾಗಿ ಪುರುಷ ನರ್ತಕನ ಪ್ರದರ್ಶನ ನಡೆಯುತ್ತಿದೆ. ಆ ನರ್ತಕನಿಂದ ಪಡೆದ ಚರ್ಮದ ಬಟ್ಟೆಯ ಜೇಬಿನಲ್ಲಿ ನಕ್ಷತ್ರಾಕಾರದ ಕನ್ನಡಕ. ನಗು ಬರುತ್ತದೆ. 1991ರ ನಗು ಬೆದರಿಕೆಯ ಒಳಗಿನಿಂದ ಹುಟ್ಟಿತ್ತು, ಇದು ಹಿಂದಿನ ಸಿನಿಮಾದ ನೆನಪಿನಿಂದ ಹುಟ್ಟಿದೆ. ಹಿಂದಿನದನ್ನು ನೋಡದವನಿಗೆ ಇದರ ಅರ್ಧವೂ ತಲುಪುವುದಿಲ್ಲ. ಹೆದರಿಸಬೇಕಾದವನನ್ನು ನೋಡಿ ಒಮ್ಮೆ ನಕ್ಕ ಮೇಲೆ ಮತ್ತೆ ಭಯ ಕಟ್ಟುವುದು ಬಲು ಕಷ್ಟ.

2009ರ ‘ಸಾಲ್ವೇಷನ್’ ಕಾಲಯಾನವನ್ನೇ ಬಿಟ್ಟಿತು. 2003ರಲ್ಲಿ ಮರಣದಂಡನೆಗೆ ಕಾದಿರುವ ಮಾರ್ಕಸ್ ರೈಟ್‌ನ ಹತ್ತಿರ ಸ್ಕೈನೆಟ್ ಕಟ್ಟಿದ ಸೈಬರ್‌ಡೈನ್ ಸಂಸ್ಥೆಯ ವೈದ್ಯೆ ಬಂದು ದೇಹದಾನದ ಸಹಿ ಕೇಳುತ್ತಾಳೆ. ಅವನು ಬದಲಿಗೆ ಒಂದು ಮುತ್ತು ಕೇಳುತ್ತಾನೆ. ಆಮೇಲೆ ವಿಷದ ಚುಚ್ಚುಮದ್ದು. ಬಿಡಿ ದೃಶ್ಯವಾಗಿ ನೋಡಿದರೆ ಸರಣಿಯಲ್ಲೇ ಭಿನ್ನವಾದ, ಗಟ್ಟಿಯಾದ ದೃಶ್ಯ. ತೊಂದರೆ ಅದನ್ನು ಇಟ್ಟ ಜಾಗದಲ್ಲಿದೆ. 2018ರಲ್ಲಿ ಅದೇ ಮನುಷ್ಯ ಕೆಸರಿನಿಂದ ಬೆತ್ತಲೆಯಾಗಿ ಎದ್ದುಬಂದಾಗ ಅವನು ಅರ್ಧ ಯಂತ್ರವಾಗಿದ್ದಾನೆ ಎಂಬುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಸಿನಿಮಾ ಅದನ್ನು ಬಹಳ ಹೊತ್ತಿನ ನಂತರ ದೊಡ್ಡ ರಹಸ್ಯದಂತೆ ಬಿಚ್ಚುತ್ತದೆ. ಸೈಬರ್‌ಡೈನ್ ಎಂಬ ಹೆಸರೊಂದನ್ನು ಆ ಕಾಗದದಿಂದ ತೆಗೆದಿದ್ದರೂ ಪರಿಸ್ಥಿತಿ ಸುಧಾರಿಸುತ್ತಿತ್ತು.

ಹಾಗಿದ್ದೂ ಈ ಸಿನಿಮಾ ಹಳೆಯ ವಿಧಿಯನ್ನು ಜಾಣತನದಿಂದ ಮರೆಮಾಚಿ ಉಳಿಸಿಕೊಂಡಿದೆ. ಮಾರ್ಕಸ್ ಬೆತ್ತಲೆಯಾಗಿ ಬರುತ್ತಾನೆ, ಸತ್ತ ಸೈನಿಕನ ಬಟ್ಟೆ ತೊಡುತ್ತಾನೆ, ಯಾವ ದಿನ, ಯಾವ ವರ್ಷ ಎಂದು ಕೇಳುತ್ತಾನೆ. ಅವನು ಕೇಳುವುದು ಯುವಕ ಕಾಯಲ್ ರೀಸ್‌ನನ್ನೇ. ಕಾಲಯಂತ್ರವಿಲ್ಲದೆ ಕಾಲಯಾತ್ರಿಕನ ಆಗಮನ. ಇದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ. ಜಾನ್ ಹೆಲಿಕಾಪ್ಟರ್ ಏರಿ, ಸ್ಫೋಟಕ್ಕೆ ಸಿಕ್ಕಿ, ನೆಲಕ್ಕಪ್ಪಳಿಸಿ ಹೊರಬರುವವರೆಗೆ ಕಟ್ ಕಾಣದಂತೆ ಹೆಣೆದ ಉದ್ದನೆಯ ಶಾಟ್ ಕೂಡ ಚೆನ್ನಾಗಿದೆ.

2015ರ ‘ಜೆನಿಸಿಸ್’ ನಿರೂಪಣೆಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತದೆ. 1997ರ ವಿನಾಶ, ಬಾಲಕ ಕಾಯಲ್, ಜಾನ್‌ನ ದಂಡು, ಸ್ಕೈನೆಟ್‌ನ ಸೋಲು, ಕಾಲಯಂತ್ರ, ಕಳಿಸಿದ್ದು ಯಾರು, ಯಾಕೆ. 1984ರ ಸಿನಿಮಾ ಹೊರಗಿಟ್ಟಿದ್ದನ್ನೆಲ್ಲ ಇದು ಮೊದಲೇ ತುಂಬಿಸುತ್ತದೆ. ಆಮೇಲೆ 1984ರ ರಾತ್ರಿಯನ್ನು ಶಾಟ್‌ಗೆ ಶಾಟ್ ಮರುಚಿತ್ರಿಸುತ್ತದೆ: ಕಸದ ಲಾರಿ, ವೀಕ್ಷಣಾಲಯ, ಮೂವರು ಹುಡುಗರು. ಯುವಕ ಆರ್ನಾಲ್ಡ್‌ನ ಮುಖವನ್ನು ಎಂಪಿಸಿ ಸಂಸ್ಥೆ ಕಂಪ್ಯೂಟರ್‌ನಲ್ಲಿ ಕಟ್ಟಿತು, ದೇಹದ ಚಲನೆಗೆ ಬ್ರೆಟ್ ಅಝರ್ ಎಂಬ ದೇಹದಾರ್ಢ್ಯ ಪಟು ನಿಂತರು. ಕೆಲಸ ನಿಖರವಾಗಿದೆ. ಎಷ್ಟು ನಿಖರವೆಂದರೆ ಪ್ರೇಕ್ಷಕನ ಕಣ್ಣು ಕಥೆ ಬಿಟ್ಟು ಹಳೆಯದರ ಜೊತೆ ತಾಳೆ ನೋಡಲು ಹೊರಡುತ್ತದೆ.

ಅಷ್ಟರಲ್ಲಿ ವಯಸ್ಸಾದ ಟರ್ಮಿನೇಟರ್ ಬಂದು ತಾನು ಕಾಯುತ್ತಿದ್ದೆ ಎನ್ನುತ್ತಾನೆ. ಓಣಿಯಲ್ಲಿ ಕಾಯಲ್‌ಗೆ ಎದುರಾದ ಪೊಲೀಸ್ ಟಿ-1000 ಆಗಿರುತ್ತಾನೆ. 1984ರಲ್ಲಿ ರೀಸ್ ಹೇಳಿದ್ದ, ಬದುಕಬೇಕಿದ್ದರೆ ಬಾ ಎಂಬ ಮಾತನ್ನು ಈ ಸಲ ಸಾರಾ ಹೇಳುತ್ತಾಳೆ. ಇದು ನಿಜಕ್ಕೂ ಒಳ್ಳೆಯ ತಿರುವು, ಸತ್ತಿದ್ದ ಪ್ರಶ್ನೆಗೆ ಹೊಸ ಜೀವ ಬರುತ್ತದೆ: ಈ ಮುದಿ ಯಂತ್ರವನ್ನು ಕಳಿಸಿದವರು ಯಾರು? ಸಿನಿಮಾ ಮುಗಿದರೂ ಉತ್ತರವಿಲ್ಲ. ಮುಂದಿನ ಭಾಗಕ್ಕೆಂದು ಉಳಿಸಿದರು, ಮುಂದಿನ ಭಾಗ ಬರಲಿಲ್ಲ. ಆರಂಭದಲ್ಲಿ ಕೇಳಿದ ಪ್ರಶ್ನೆಯನ್ನು ಅದೇ ಸಿನಿಮಾದಲ್ಲಿ ತೀರಿಸದಿದ್ದರೆ ಪ್ರೇಕ್ಷಕನಿಗೆ ಮಾಡಿದ ಸಾಲ ಹಾಗೇ ಉಳಿಯುತ್ತದೆ.

2019ರ ‘ಡಾರ್ಕ್ ಫೇಟ್’ಗೆ ಒಂದಲ್ಲ, ನಾಲ್ಕು ಆರಂಭಗಳು. ನಿರ್ಮಾಣ ಸಂಸ್ಥೆಗಳ ಲಾಂಛನಗಳ ನಡುವೆಯೇ 1991ರ ಸಿನಿಮಾದ ಆಸ್ಪತ್ರೆ ವಿಡಿಯೊದಲ್ಲಿ ಸಾರಾ ಚೀರುತ್ತಾಳೆ. ಆಮೇಲೆ ಬುರುಡೆ ತುಂಬಿದ ಕಡಲತೀರ. ಆಮೇಲೆ 1998ರ ಗ್ವಾಟೆಮಾಲಾ. ಕಡಲಬದಿಯ ಹೋಟೆಲಿನಲ್ಲಿ ಸಾರಾ ಮತ್ತು ಹುಡುಗ ಜಾನ್ ಕೂತಿದ್ದಾರೆ, ಟರ್ಮಿನೇಟರ್ ನಡೆದು ಬರುತ್ತಾನೆ, ಶಾಟ್‌ಗನ್‌ನಿಂದ ಜಾನ್‌ನನ್ನು ಕೊಲ್ಲುತ್ತಾನೆ. ಮಿಂಚಿಲ್ಲ, ಆಗಮನದ ವಿಧಿಯಿಲ್ಲ, ಎಚ್ಚರಿಕೆಯಿಲ್ಲ. ಆಘಾತ ಅಸಲಿ. ಆದರೆ ಎರಡು ಸಿನಿಮಾಗಳಲ್ಲಿ ಕಾಪಾಡಿದ ಹುಡುಗ ಹೀಗೆ ಸತ್ತ ಮೇಲೆ ಪ್ರೇಕ್ಷಕ ಸಾರಾಳ ಶೋಕದಲ್ಲಿ ಸಿಕ್ಕಿಕೊಂಡಿರುತ್ತಾನೆ. ಅವನನ್ನು ಎಬ್ಬಿಸಿ ಮೆಕ್ಸಿಕೊ ನಗರಕ್ಕೆ ಒಯ್ದು ಹೊಸ ಹುಡುಗಿಯ ಬಗ್ಗೆ ಕಾಳಜಿ ವಹಿಸು ಎಂದರೆ ಅವನು ಹೊರಡುವುದಿಲ್ಲ.

ಮೆಕ್ಸಿಕೊ ನಗರದ ಆಗಮನಗಳು ಬಿಡಿಯಾಗಿ ಅಚ್ಚುಕಟ್ಟಾಗಿವೆ. ಭವಿಷ್ಯದಿಂದ ಬಂದ ಗ್ರೇಸ್ ಸೇತುವೆಯ ಎತ್ತರದಿಂದ ರಸ್ತೆಗೆ ಬೀಳುತ್ತಾಳೆ. ರೀಸ್ ಬಿದ್ದದ್ದು ನೆನಪಿರುವವರಿಗೆ ಅವಳು ಯಾವ ಕಡೆಯವಳು ಎಂಬುದು ಆ ಬೀಳುವಿಕೆಯಿಂದಲೇ ತಿಳಿಯುತ್ತದೆ. ಕೊಲ್ಲಲು ಬಂದ ಯಂತ್ರ ರೆವ್-9 ಬರುವುದು ವಠಾರದ ಬಟ್ಟೆ ಒಣಗುವ ಅಂಗಳಕ್ಕೆ. ಬಟ್ಟೆಗಳು ಸುಟ್ಟುಹೋಗುತ್ತವೆ, ಅವನಿಗೆ ಬಟ್ಟೆಯ ಅಗತ್ಯವೂ ಇಲ್ಲ.

ಈಗ, ಮನೆಯಲ್ಲಿ ಈ ಹೋಲಿಕೆಯನ್ನು ಮಾಡುವ ಬಗೆ. ಒಂದು ಕಾಗದದಲ್ಲಿ ನಾಲ್ಕು ಕಂಬಸಾಲು ಹಾಕಿ: ಸಮಯ, ಕಂಡದ್ದು, ಕೇಳಿದ್ದು, ಈಗ ಪ್ರೇಕ್ಷಕನಿಗೆ ಗೊತ್ತಿರುವುದು. ಮೊದಲ ಸಲ ದನಿ ಮುಚ್ಚಿ ನೋಡಿ, ಎರಡನೇ ಸಲ ಚಿತ್ರಕ್ಕೆ ಬೆನ್ನು ಹಾಕಿ ಕೇಳಿ. ದನಿ ಮುಚ್ಚಿದಾಗ 1984ರದ್ದು ಬಹುತೇಕ ಪೂರ್ತಿ ಅರ್ಥವಾಗುತ್ತದೆ, 2015ರ ಮೊದಲ ಭಾಗ ಆಗುವುದಿಲ್ಲ. ನಾಲ್ಕನೇ ಕಂಬಸಾಲು ಬೇಗ ತುಂಬಿದಷ್ಟೂ ಆರಂಭ ಸಡಿಲವಾಗಿದೆ ಎಂದು ಅನುಮಾನಿಸಿ.

ಸಮಯ ಬರೆಯುವಾಗ ಪ್ರತಿಯ ಬಗ್ಗೆ ಎಚ್ಚರ. ಪಾಲ್ ಎಂಬ ಟಿವಿ ಪದ್ಧತಿಯ ಹಳೆಯ ಡಿವಿಡಿಗಳಲ್ಲಿ 24 ಫ್ರೇಮ್‌ನ ಸಿನಿಮಾ ಸೆಕೆಂಡಿಗೆ 25ರಂತೆ ಓಡುತ್ತದೆ. 30ನೇ ನಿಮಿಷದ ಘಟನೆ 28 ನಿಮಿಷ 48 ಸೆಕೆಂಡಿಗೇ ಬರುತ್ತದೆ. ಒಂದು ಸಿನಿಮಾವನ್ನು ಅಂಥ ಡಿವಿಡಿಯಲ್ಲಿ, ಇನ್ನೊಂದನ್ನು ಬ್ಲೂರೇಯಲ್ಲಿ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಟಿವಿ ಪ್ರಸಾರದ ಪ್ರತಿಗಳಲ್ಲಿ ಎದೆಗೆ ಕೈ ಹಾಕುವ ಶಾಟ್ ಕತ್ತರಿಸಿರಬಹುದು. ಅದು ಹೋದರೆ 1991ರ ಬಾರಿನಲ್ಲಿ ಯಾರೂ ಸಾಯದಿರುವುದರ ಅರ್ಥವೇ ಹೋಗುತ್ತದೆ. 1984ರ ಸಿನಿಮಾದ ಮೂಲ ಧ್ವನಿ ಮೋನೊ, ಅಂದರೆ ಒಂದೇ ವಾಹಿನಿಯದು. ನಂತರದ 5.1 (ಆರು ವಾಹಿನಿಗಳ) ಮಿಶ್ರಣದಲ್ಲಿ ಗುಂಡಿನ ಸದ್ದುಗಳನ್ನೇ ಬದಲಿಸಿದ್ದಾರೆ. ಡಿಸ್ಕಿನ ಮೆನುವಿನಲ್ಲಿ ಮೋನೊ ಆಯ್ಕೆ ಇದ್ದರೆ ಅದನ್ನೇ ಹಾಕಿಕೊಂಡು ಕೇಳಿ.